ಎಡಮಂಡಿಗೆ ಇಪ್ಪತ್ತೈದು ಅಂಕ

ಮಂಗಳವಾರ, ಶುಕ್ರವಾರ
ಕುತ್ತಾರಿನಿಂದ ಕೊಣಾಜೆಗೆ ಮೂರು ಗಂಟೆಯ ಬಸ್ಸು.
ಒಳ್ಳೆಯ ಕಾಲು ಮೊದಲು, ಕ್ಯಾಲಿಪರಿನದ್ದು ಆಮೇಲೆ,
ಕೊಡೆ ಕೊನೆಗೆ.
ಸೀಟಿ ಊದುವ ಮುಂಚೆ ಕಂಡಕ್ಟರ್
ಕಣ್ಣಲ್ಲೇ ಕೇಳುತ್ತಾನೆ: ಆಯಿತಾ?

ಗುಡ್ಡದ ಮೇಲೆ ವಿಶ್ವವಿದ್ಯಾನಿಲಯ.
ಐದನೇ ಕ್ಲಾಸಿಗೆ ಬಿಟ್ಟವಳು ನಾನು.
ಮೊದಲ ದಿನ ಗೇಟಿನಲ್ಲಿ ವಾಚ್‌ಮನ್,
"ಯಾರನ್ನು ನೋಡಬೇಕು?"
ಯಾರನ್ನೂ ಅಲ್ಲ ಮಾರಾಯ,
ನನ್ನನ್ನೇ ನೋಡಲಿಕ್ಕೆ ಕರೆದಿದ್ದಾರೆ.

ಜಿಮ್ಮಿನ ಹಿಂದಿನ ಕೋಣೆ ನಮಗೆ.
ಬಾಗಿಲ ಮೇಲೆ ಬೋರ್ಡು ಉದ್ದ ಉಂಟು,
ಅರ್ಧ ಓದುವಷ್ಟರಲ್ಲಿ ಒಳಗೆ ಕರೆಯುತ್ತಾರೆ.
ನೀಲಿ ಚಾಪೆ, ಹಳದಿ ರಬ್ಬರ್ ಪಟ್ಟಿ, ಫಿನಾಯಿಲಿನ ವಾಸನೆ.
ತಾಳೆಮರದಿಂದ ಬಿದ್ದ ಐತಪ್ಪಣ್ಣ ಗಾಲಿಕುರ್ಚಿಯಲ್ಲಿ,
ಹಗ್ಗ ಕೈಗೆ ಕೊಟ್ಟರೆ ಈಗಲೂ ಮೇಲೆ ನೋಡುತ್ತಾರೆ.
ಸಕ್ಕರೆಗೆ ಪಾದ ಕೊಟ್ಟ ಇಸ್ಮಾಲಿಚ್ಚ
ಚೆಂಡು ಎಸೆದರೆ ಮೊದಲು ಬೈಯುತ್ತಾರೆ, ಮತ್ತೆ ಹಿಡಿಯುತ್ತಾರೆ.
ಫ್ಲೇವಿ ಬಾಯಿಯ ಅರ್ಧ ಮೈ ಅವರನ್ನು ಮರೆತಿದೆ;
ಉಳಿದರ್ಧ ಕೊಂಕಣಿಯಲ್ಲಿ ಎಣಿಸುತ್ತದೆ.

ನನಗೆ ಸಿಕ್ಕಿದ ಹುಡುಗಿ ನಿಶ್ಮಿತಾ, ಕೊನೆಯ ವರ್ಷ.
ಕೈಯಲ್ಲಿ ಪ್ಯಾಡು, ಪ್ಯಾಡಿನಲ್ಲಿ ಹಾಳೆ, ಹಾಳೆಯಲ್ಲಿ ನಾನು.
ಮುಷ್ಟಿಯ ಬಲ ಅಳೆಯುವ ಯಂತ್ರ ಕೊಟ್ಟಳು.
ಹಿಸುಕಿದೆ. ಮುಳ್ಳು ಓಡಿದ್ದು ನೋಡಿ
ತಾನೂ ಹಿಸುಕಿದಳು. ನನ್ನದಕ್ಕಿಂತ ಒಂಬತ್ತು ಕಡಿಮೆ.
ಮೂವತ್ತೊಂದು ವರ್ಷ, ದಿನಕ್ಕೆ ಎಂಟುನೂರು ಬೀಡಿ, ಮಗಾ.
ಅದಕ್ಕೆ ಹಾಳೆಯಲ್ಲಿ ಜಾಗ ಇರಲಿಲ್ಲ,
ಅಂಚಿನಲ್ಲಿ ಬರೆದುಕೊಂಡಳು.

"ನೋವು ಹತ್ತರಲ್ಲಿ ಎಷ್ಟು?"
ಯಾವುದರದ್ದು?
ಮೂರನೇ ವರ್ಷದ ಜ್ವರದ್ದೋ, ನಿನ್ನೆ ರಾತ್ರಿಯದ್ದೋ,
ಅಣ್ಣನ ಮದುವೆಯ ಫೋಟೋದಲ್ಲಿ
ನನ್ನನ್ನು ಕುರ್ಚಿಯ ಹಿಂದೆ ನಿಲ್ಲಿಸಿದ್ದೋ?
ನಾಲ್ಕು ಬರಿ, ಎಂದೆ.
ನಾಲ್ಕು ಬರೆದಳು.

ಒಂದು ದಿನ ಹಲಗೆಯ ಮೆಟ್ಟಿಲು ಬಂತು,
ಬಸ್ಸಿನ ಎತ್ತರಕ್ಕೆ ಸರಿಯಾಗಿ.
ಸ್ಟಾಂಡಿಗೆ ಹೋಗಿ ಟೇಪು ಹಿಡಿದು ಅಳೆದಳಂತೆ,
ಡ್ರೈವರು ಬೈದನಂತೆ,
ಇವಳು ಅರ್ಧ ಇಂಚೂ ಬಿಡಲಿಲ್ಲವಂತೆ.

ಮೇ ತಿಂಗಳು ಅವರಿಗೆ ಪರೀಕ್ಷೆ.
ನನ್ನ ಎಡಮಂಡಿಗೆ ಇಪ್ಪತ್ತೈದು ಅಂಕ, ಸಿಗುವುದು ಅವಳಿಗೆ.
ಇಪ್ಪತ್ತೈದು ಎಂದರೆ ಒಂದು ಕಟ್ಟು.
ಪರೀಕ್ಷಕರು ಹೊರಗಿನವರು. ಕನ್ನಡಕ ಇಳಿಸಿದರೆ
ಥೇಟು ನಮ್ಮ ಬ್ರಾಂಚಿನ ಚೆಕ್ಕರ್,
ಸಡಿಲ ಬೀಡಿ ಹುಡುಕುವ ಕಣ್ಣು.
ನನ್ನ ಮಂಡಿಯ ಕೆಳಗೆ ಹುಡುಗಿಯ ಕೈ ಬೆವರಿತ್ತು.

ಒಂಜಿ, ರಡ್ಡ್, ಮೂಜಿ...
ಏಳಕ್ಕೆ ತೊಡೆ ನಡುಗಿತು.
ದಿನಾ ಎಂಟಕ್ಕೆ ನಿಲ್ಲಿಸುವವಳು
ಇವತ್ತು ಹತ್ತು ಕೊಡಲೇಬೇಕು ಎಂದು ಹಲ್ಲು ಕಚ್ಚಿದ್ದೆ.
ಲೆಕ್ಕಕ್ಕೆ ಕಡಿಮೆ ಬಿದ್ದರೆ ಕಟ್ಟು ವಾಪಸ್ಸು,
ನನಗೆ ಗೊತ್ತಿಲ್ಲದ್ದಾ?

"ಸಾಕು ವಾರಿಜಕ್ಕ" ಎಂದಳು.
ಪರೀಕ್ಷಕರು ತಲೆ ಎತ್ತಿದರು,
"ಹಾಳೆಯಲ್ಲಿ ಹತ್ತು ಅಂತ ಉಂಟಲ್ಲ?"
"ಹಾಳೆಯಲ್ಲಿ ಉಂಟು ಸರ್. ಇವರಿಗೆ ಇವತ್ತು ಏಳು."
ಕಾಲನ್ನು ಚಾಪೆಗೆ ಇಳಿಸಿದಳು,
ತುಂಬಿದ ಬೀಡಿಯ ಮೊರ ಇಳಿಸುವ ಹಾಗೆ
ಒಂದೂ ಚೆಲ್ಲದೆ.

ಎಷ್ಟು ಕೊಟ್ಟರೋ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಅವಳೀಗ ಕಾರ್ಕಳದ ಒಂದು ಶಾಲೆಯಲ್ಲಿ
ಮಕ್ಕಳನ್ನು ಬಿಸಿಲಿಗೆ ಓಡಿಸುತ್ತಿದ್ದಾಳೆ.

ಅವರೆಲ್ಲ ಪಾಸಾಗಿ ಹೋಗುತ್ತಾರೆ,
ನಾವು ಅದೇ ಕ್ಲಾಸು, ಅದೇ ಚಾಪೆ.
ಇದು ನನ್ನ ಆರನೇ ಬ್ಯಾಚು.

ಆಗಸ್ಟಿನಲ್ಲಿ ಹೊಸ ಹುಡುಗ ಬಂದ, ಬಂಟ್ವಾಳದ ಕಡೆಯವನು,
ಹೊಸ ಪ್ಯಾಡು, ಮುಚ್ಚಳ ತೆಗೆಯದ ಪೆನ್ನು.
"ಆಂಟಿ, ಕಾಲಿಗೆ ಎಂತ ಆದದ್ದು?"
ಕೂತುಕೋ, ಎಂದೆ.
ಯಂತ್ರವನ್ನು ಅವನ ಕೈಗೇ ಕೊಟ್ಟೆ.
ಮೊದಲು ನೀನು ಹಿಸುಕು.