ಇಪ್ಪತ್ತೈದನೇ ಬಂದರು

ಕಡಲಿಲ್ಲದ ಈ ಊರಲ್ಲಿ
ಬಂದರು ಬಂದ್ ಆಗಿದೆಯಂತೆ.
ಫೋನಿನ ಹುಡುಗಿ ಇಪ್ಪತ್ತು ನಿಮಿಷ ವೀಣೆ ಕೇಳಿಸಿ
ಆಮೇಲೆ ಹೇಳಿದಳು:
"ಪೋರ್ಟ್ ಇಪ್ಪತ್ತೈದು ನಾವು ಬಿಡಲ್ಲ ಮೇಡಂ,
ಮನೆ ಪ್ಲಾನಿಗೆ ಯಾರಿಗೂ ಬಿಡಲ್ಲ."

ಪೋರ್ಟ್ ಅಂದರೆ ಬಂದರು, ಏಳನೇ ಕ್ಲಾಸಿನ ಭೂಗೋಳ.
ಮಂಗಳೂರು, ಮಲ್ಪೆ, ಕಾರವಾರ.
ಶ್ರೀರಾಂಪುರದ ಬೇಕರಿಯ ಮೇಲೆ, ನನ್ನ ಲ್ಯಾಬಿಗೂ
ಒಂದು ಇತ್ತೆಂದು
ಮುಚ್ಚಿದ ಮೇಲೆ ಗೊತ್ತಾಯಿತು.

ಮೂರು ದಿನದಿಂದ ರಿಪೋರ್ಟುಗಳು ಕ್ಯೂನಲ್ಲಿವೆ.
ಪುಟ್ಟಸ್ವಾಮಯ್ಯನವರ ಸಕ್ಕರೆ
ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ನಿಂತಿದೆ.
ಅದರ ಹಿಂದೆ ಮುಬೀನಾಳ ಹಿಮೋಗ್ಲೋಬಿನ್, ಎಂಟು ಪಾಯಿಂಟ್ ಎರಡು,
ಸುಸ್ತಾಗಿ, ಗೋಡೆಗೊರಗಿ.
ಅದರ ಹಿಂದೆ ಯಾರದೋ ಥೈರಾಯ್ಡ್.
ಹದಿನೈದು ನಿಮಿಷಕ್ಕೊಮ್ಮೆ ಕಂಪ್ಯೂಟರ್ ಬಾಗಿಲು ತಟ್ಟುತ್ತದೆ.
ಒಳಗಿನಿಂದ ಒಂದು ಬೈಗುಳವೂ ಇಲ್ಲ.
ಹೋಗು ಅಂದಿದ್ದರೆ ವಾಪಸ್ ಬರುತ್ತಿತ್ತು;
ಸುಮ್ಮನಿದ್ದಾರೆ, ಅದಕ್ಕೇ ಕಾಯುತ್ತದೆ.

ಲೈನ್ ನೋಡಲು ಸಗಾಯರಾಜ್ ಬಂದ,
ಏಣಿ ಇಟ್ಟ, ಡಬ್ಬಿ ಬಿಚ್ಚಿದ.
"ವೈರಲ್ಲಿ ಏನಿಲ್ಲ ಮೇಡಂ, ಮೇಲಿಂದಾನೇ ಬೀಗ ಹಾಕವ್ರೆ.
ಯಾರ್ದೋ ಕಂಪ್ಯೂಟ್ರು ರಾತ್ರಿಯೆಲ್ಲ
ಲಾಟ್ರಿ ಹೊಡೀತು ಅಂತ ಕಾಗ್ದ ಹಂಚ್ತದೆ,
ಅವ್ರಿಗೇ ಗೊತ್ತಿರಲ್ಲ. ಅದಕ್ಕೆ ಇಡೀ ಬೀದಿಗೆ ಬೀಗ."
ಸಿಟ್ಟು ಬಂತು. ಸರಿ ಅಂತಲೂ ಅನ್ನಿಸಿತು.
ನಾನೂ ಸೂಜಿ ಹಿಡಿಯುವಾಗ
ಎಲ್ಲರ ರಕ್ತಕ್ಕೂ ಗ್ಲೌಸ್ ಹಾಕುತ್ತೇನೆ,
ನನ್ನ ಅಮ್ಮನದಕ್ಕೂ.

ಅಷ್ಟರಲ್ಲಿ ಪುಟ್ಟಸ್ವಾಮಯ್ಯ ಬಂದರು.
ಬಂದರು ಮುಚ್ಚಿದರೂ ಬಂದರು,
ಇಪ್ಪತ್ತೆರಡು ಮೆಟ್ಟಿಲು, ಮಧ್ಯೆ ಎರಡು ಸಲ ನಿಂತು.
ಪ್ರಿಂಟ್ ತೆಗೆದು ಕೈಗಿಟ್ಟೆ.
"ಮೇಲಲ್ಲಿ ಕಳಿಸ್ತೀನಿ ಅಂದಿದ್ದೆಯಲ್ಲ" ಅಂದರು, ಅಷ್ಟೇ.

ದಾರಿ ಇತ್ತು ಕೊನೆಗೆ: ಐನೂರ ಎಂಬತ್ತೇಳು.
ಅಲ್ಲಿ ಹೆಸರು ಹೇಳಬೇಕು, ಪಾಸ್‌ವರ್ಡ್ ಕೊಡಬೇಕು,
ದೊಡ್ಡ ಅಂಚೆಯವರ ಕೈಗೊಪ್ಪಿಸಿ ಸುಮ್ಮನಾಗಬೇಕು.
ಎರಡು ಅಂಕಿ ಅಳಿಸಿ ಮೂರು ಅಂಕಿ ಒತ್ತಿದೆ.
ನಲವತ್ತೊಂದು ಕಾಗದ ಒಂದೇ ಉಸಿರಿಗೆ ಹೊರಟವು.

ಏಣಿಯ ಮೇಲೆ ಜೇಬು ಟಿಂಗ್ ಅಂತು.
ಕ್ಯೂನಲ್ಲಿ ಹನ್ನೊಂದನೆಯದು ಅವನದೇ.
ಅವನು ಏಣಿ ಇಡುವ ಮೊದಲೇ ಗೊತ್ತಿತ್ತು ನನಗೆ;
ಹೇಳಬೇಕಾದವರು ಡಾಕ್ಟರು.
"ಬಂತು ಮೇಡಂ" ಅಂದ ಸಗಾಯರಾಜ್.
ನೋಡಲಿಲ್ಲ.
ಡಬ್ಬಿಯ ಉಳಿದೆರಡು ಸ್ಕ್ರೂ
ನಿಧಾನಕ್ಕೆ ತಿರುಗಿಸತೊಡಗಿದ.