ಡಝನಿಗೊಂದು

ನೀಲಂ ನಗರದಾಗ ಕರೆಂಟು ಬಂದ ಕೂಡಲೇ
ಶ್ರಾವಣಿ ವಹಿ ಬಿಚ್ಚತಾಳ.
ನಾಕನೇ ಇಯತ್ತೆ.
ಎಣಿಕಿ ಮರಾಠಿಯಾಗ, ಬೈಗಳ ಕನ್ನಡದಾಗ:
"ಸತ್ತಾವೀಸ, ಅಠ್ಠಾವೀಸ...
ಅವ್ವಾ, ಕೈ ಯಾಕ ನಿಂತ್ವು?"

ಸಾಲಿ ಅಂಗಿಯ ಕಿಸೆ ಹೊಲಿಯೂದು ನನ್ನ ಕೆಲಸ.
ಬರೇ ಕಿಸೆ.
ಕಾಲರು ಎದುರುಮನಿಯಾಕಿಗೆ, ಗುಂಡಿ ಕಾಜಾ ಅದರಾಚಿ ಮನಿಗೆ.
ಒಂದಿಡೀ ಅಂಗಿ ಹೊಲದು ಹನ್ನೊಂದು ವರ್ಷಾತು.
ಯಾವೂರ ಸಾಲಿಯೋ, ಯಾವ ಹುಡುಗನ ಎದಿಯೋ,
ಬೂದಿಬಣ್ಣದ ಚೌಕ, ಮೂರು ಕಡೆ ಹೊಲಿಗಿ,
ಬಾಯಿ ಇದ್ದ ಕಡೆ ಮಡಿಕಿ.
ಡಝನಿಗೆ ಒಂಬತ್ತು ರೂಪಾಯಿ.

ನಿನ್ನೆ ಒಂದರ ಮಡಿಕಿಯೊಳಗ
ಕೆಂಪು ದಾರದಾಗ ಇರುವಿ ಹೊಲದೆ.
ಆರು ಕಾಲು, ಎರಡು ಮೀಸಿ.
ಬೆರಳು ಹಾಕಿದವರಿಗಷ್ಟ ಗೊತ್ತಾಗಬೇಕು.

ಶ್ರಾವಣಿ ಗಡಿಯಾರ ನೋಡಿದಳು.
"ಏಳು ಮಿನಿಟು. ಐದು ಕಿಸೆ ಹೋದ್ವು."
ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡು, ಥೇಟ್ ಅಂಬಾದಾಸ.
ಗಂಟು ಒಯ್ಯೋ ಆ ಅಂಬಾದಾಸನ ಲೆಕ್ಕ ಸುದ್ದಾ
ಇಷ್ಟು ಬಿಗಿ ಇಲ್ಲ.

ಯಾರು ಕಲಿಸಿದ್ರು ಅಂತ ಯಾರನ್ನ ಕೇಳಲಿ?
ಮೊದಲ ಇಕಿನೂ ಚಿಂದಿ ಸುತ್ತಿ ಆನಿ ಮಾಡತಿದ್ದಳು,
ಆನಿಗೆ ನೆಗಡಿ ಬಂದೈತಿ ಅಂತ
ನನ್ನ ಸೆರಗು ಕೇಳತಿದ್ದಳು ಮೂಗು ಒರಸಾಕ.
ಮಶೀನು ತುಳಕೋತ, ಮುಖ ಎತ್ತದ ಅಂದಿದ್ದೆ:
"ಆಡಕೋತ ಕುಂತರ ಹೊಟ್ಟಿ ತುಂಬತೈತೇನ?"
ಮರತಿಲ್ಲ ಕೂಸು.
ನಾ ಜ್ವರ ಬಂದು ಮಲಗಿದಾಗ
ಅಂಬಾದಾಸ ಒಂದು ಕಟ್ಟು ಕಡಿಮಿ ಎಣಿಸಿದ್ದ;
ಅವತ್ತಿಂದ ಇಕಿ ಬೆರಳಿಗೆ ಅಂಕಿ ಬಿಟ್ಟು ಬ್ಯಾರೆ ಆಟ ಇಲ್ಲ.

ಇವತ್ತು ಸಂಜಿಗೆ ಗಂಟು ಬಿಚ್ಚಿದ್ರ ಒಂದು ಕಿಸೆ ಇಲ್ಲ.
"ಡ್ಯಾಮೇಜ್," ಅಂದಳು ಶ್ರಾವಣಿ,
ರೆಪ್ಪಿ ಸುದ್ದಾ ಬಡಿಲಿಲ್ಲ.
ಬಟ್ಟಿ ಲೆಕ್ಕಕ್ಕ ಎರಡು ರೂಪಾಯಿ ಹಿಡದ ಅವ.
ಅಕಿ ಬರಕೊಂಡಳು.

ಮಲಗಿದ ಮ್ಯಾಲೆ ದಪ್ತರ ತಗದು ನೋಡಿದೆ.
ಕಂಪಾಸಿನ ಕೆಳಗ, ನಾಕು ಮಡಿಕಿ ಮಾಡಿ,
ಇರುವಿ.
ವಹಿಯಾಗ ತಾರೀಖು, ಡಝನು, ಬಾಕಿ,
ಅದರ ಬಾಜೂಕ ಪಟ್ಟಿ ಹಿಡಿದು ಎಳೆದ ಹೊಸ ಗೆರಿ:

ಇರುವಿ. ದಿನಕ್ಕ ೧. ಊಟಾದ ಮ್ಯಾಲೆ.

ಒಂದರ ಕೆಳಗ ರಬ್ಬರು ಉಜ್ಜಿ ಹಾಳಿ ತೆಳ್ಳಗಾಗಿತ್ತು.
ಬಲ್ಬಿಗೆ ಎತ್ತಿ ಹಿಡಿದೆ.
ಮೊದಲು ಎರಡು ಅಂತ ಬರದಿದ್ದಳು.