ಎರಡನೆಯ ಸೀಟು

ಜ್ನೋಯ್ಮೊ ಊರಾಚೆ, ಮೊಲ ಮೇಯುವ ಹುಲ್ಲಿನ ರನ್‌ವೇ.
ಬೆಳಗಿನ ಬ್ರೆಡ್ಡು ಮಾರಿ ಬಂದಿದ್ದಾಳೆ ಜ್ದಿಸ್ಲಾವಾ,
ಮೊಣಕೈಗೆ ಇನ್ನೂ ಹಿಟ್ಟು.

ಮೂರು ಸುತ್ತು ಹಾರಿಸಿ, ನಾಲ್ಕನೆಯದಕ್ಕೆ
ಬೆಲ್ಟು ಬಿಚ್ಚಿದ ಮುದುಕ ವ್ರಾಟಿಸ್ಲಾವ್.
"ಚಹಾ ಆರಿಹೋಗ್ತಿದೆ" ಅಂದ. ಇಳಿದ.
ಖಾಲಿ ಸೀಟಿನ ಬೆಲ್ಟನ್ನು
ಮಗುವಿನ ಅಂಗಿಗೆ ಗುಂಡಿ ಹಾಕುವ ಹಾಗೆ ಬಿಗಿದು,
ಬಾಗಿಲು ತಟ್ಟಿ, ನಡೆದೇಬಿಟ್ಟ.

ತೊಂಬತ್ತೆರಡು ಕಿಲೋ.
ಮೂವತ್ತು ವರ್ಷ ಹಿಟ್ಟು ಹೊತ್ತ ಬೆನ್ನಿಗೆ ಗೊತ್ತು:
ಎರಡು ಮೂಟೆಗೆ ಎಂಟು ಕಡಿಮೆ.
ಲೆಕ್ಕ ಗೊತ್ತಿತ್ತು; ಲೆಕ್ಕ ಹೀಗೆ
ನೆಗೆಯುತ್ತದೆಂದು ಗೊತ್ತಿರಲಿಲ್ಲ.
ಎಂದಿನ ಬರ್ಚ್ ಮರ ಬರುವ ಮೊದಲೇ
ಗಾಲಿಯ ಗಡಗಡ ನಿಂತಿತು,
ಕೋಲನ್ನು ಅವಳು ಎಳೆದೇ ಇರಲಿಲ್ಲ.

ಬಟ್ಟೆಯ ರೆಕ್ಕೆ. ಕೆಳಗೆ ಗಸಗಸೆ ಹೊಲ, ದ್ರಾಕ್ಷಿಯ ಸಾಲು,
ಬೇಕರಿಯ ಹೊಗೆಕೊಳವೆ. ಇಷ್ಟು ಸಣ್ಣದೇ?
"ಬಲಗಾಲು, ಬಲಗಾಲು!" ತನ್ನನ್ನೇ ಬೈದುಕೊಂಡಳು
ಅವನದೇ ಗೊಗ್ಗರು ದನಿಯಲ್ಲಿ.

ಇಳಿಯುವಾಗ ನೆಲ ಸಿಗಲೊಲ್ಲದು.
ಹಗುರಾದದ್ದು ತೇಲುತ್ತದೆ, ತೇಲುತ್ತಲೇ ಇರುತ್ತದೆ;
ಮೂರು ಸಲ ಪುಟಿದು ಕೂತಿತು.

ಅವನು ತಲೆ ಎತ್ತಲಿಲ್ಲ.
ಲಾಗ್‌ಬುಕ್ಕಿನಲ್ಲಿ ಬರೆದ: ಆರು ನಿಮಿಷ.
ಪಕ್ಕದಲ್ಲಿ ಆರಿದ ಚಹಾ,
ಲೋಟ ತುಂಬ ಹಾಗೇ.